ಹತ್ತು ಮಕ್ಕಳ ಲೆಕ್ಕ: ನಾಗಪುರಕ್ಕೆ ಬಂದ ಕನ್ನಡದ ಮಗು ಯಾವ ಭಾಷೆ ಓದಬೇಕು?

ಕಳೆದ ಭಾನುವಾರದ ವಿಡಿಯೋ ಸ್ವಲ್ಪ ಉದ್ದ ಆಯ್ತು, ಓದೋಕೆ ಸಿಗೋ ಹಾಗೆ ಹಾಕಿ ಅಂತ ಹಲವರು ಕೇಳಿದ್ರಿ. ಮಾತಾಡಿದ್ದನ್ನೇ ಅಲ್ಲಲ್ಲಿ ತಿದ್ದಿ ಇಲ್ಲಿ ಕೊಡ್ತಿದ್ದೀನಿ.

ನಾವು ನಾಗಪುರಕ್ಕೆ ಬಂದು ಇದು ನಾಲ್ಕನೇ ವರ್ಷ. ಬೆಂಗಳೂರಿನಲ್ಲಿದ್ದವರು ಮಿಹಾನ್‌ನಲ್ಲಿ ಕೆಲಸ ಸಿಕ್ಕಿ ಬಂದ್ವಿ. ಬಂದ ಮೊದಲ ತಿಂಗಳೇ ಮಗಳ ಅಡ್ಮಿಷನ್ ಓಡಾಟ. ಅರ್ಜಿಯಲ್ಲಿ 'ಮಾತೃಭಾಷೆ' ಅಂತ ಒಂದು ಸಾಲು. ಕನ್ನಡ ಅಂತ ಬರೆದೆ. ಅದರ ಕೆಳಗೆ ಎರಡನೇ ಭಾಷೆ, ಮೂರನೇ ಭಾಷೆ. ಅಲ್ಲಿದ್ದ ಆಯ್ಕೆ ಹಿಂದಿ, ಮರಾಠಿ, ಸಂಸ್ಕೃತ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಏನಾದ್ರೂ ಸಂಬಂಧ ಇದೆಯಾ ಅಂತ ಕೌಂಟರಿನಲ್ಲಿದ್ದ ಮೇಡಂನ ಕೇಳಿದೆ. ಅವರು ನಗುತ್ತಲೇ ಹೇಳಿದ್ರು: ಅದು ಬರೀ ರೆಕಾರ್ಡಿಗೆ ಸರ್.

ಆವತ್ತು ಅದು ನನಗೆ ದೊಡ್ಡ ವಿಷಯ ಅನಿಸಲಿಲ್ಲ. ಮನೆಯಲ್ಲಿ ಕನ್ನಡ ಇದೆಯಲ್ಲ, ಸಾಕು ಅಂದುಕೊಂಡೆ. ಎರಡು ವರ್ಷದ ನಂತರ ಒಂದು ದಿನ ಮಗಳ ಕೈಲಿದ್ದ ಹೆಂಡತಿಯ ಫೋನ್ ನೋಡಿದೆ. ಧಾರವಾಡದಿಂದ ನಮ್ಮಪ್ಪ ಮೊಮ್ಮಗಳಿಗೆ ಮೆಸೇಜ್ ಕಳಿಸಿದ್ರು. ಮಾತು ಅಚ್ಚ ಧಾರವಾಡ ಕನ್ನಡ, 'ಊಟ ಆತೇನವಾ' ಅಂತ. ಅಕ್ಷರ ಮಾತ್ರ ದೇವನಾಗರಿ. ಮೊಮ್ಮಗಳಿಗೆ ಕನ್ನಡ ಅಕ್ಷರ ಬರಲ್ಲ ಅಂತ ಅವರಿಗೆ ಯಾವಾಗ ಗೊತ್ತಾಯ್ತೋ ಏನೋ. ನಮಗೊಂದು ಮಾತು ಹೇಳದೆ ಎಪ್ಪತ್ತೆರಡನೇ ವಯಸ್ಸಲ್ಲಿ ಕೀಬೋರ್ಡ್ ಬದಲಾಯಿಸಿಕೊಂಡಿದ್ರು.

ಹೊಸ ಊರಿಗೆ ಬಂದ ಮಕ್ಕಳು ಯಾವ ಭಾಷೆಯಲ್ಲಿ ಓದಬೇಕು ಅನ್ನೋದನ್ನ ನಾವು ಅಡ್ಮಿಷನ್ ಸಮಸ್ಯೆ ಅಂದುಕೊಳ್ತೀವಿ. ಹೋಗಲಿ, ಇದೇ ಊರಿನ ಚರಿತ್ರೆಯಲ್ಲಿ ಇದಕ್ಕೆ ಏನಾದ್ರೂ ಉತ್ತರ ಇದೆಯಾ ನೋಡೋಣ ಅಂತ ಹುಡುಕಿದೆ. ಸಿಕ್ಕಿದ್ದನ್ನ ಒಂದೊಂದಾಗಿ ಹೇಳ್ತೀನಿ.

ಊರು ಕಟ್ಟಿದವರ ಭಾಷೆ

ನಾಗಪುರ ಅಂದ್ರೆ ಮರಾಠಿ ಊರು ಅಂತೀವಿ. ಬೀದಿಯಲ್ಲಿ ಕಿವಿಗೆ ಬೀಳೋದು ಹೆಚ್ಚಾಗಿ ಹಿಂದಿ. ಆದ್ರೆ ಊರು ಕಟ್ಟಿದ್ದು ಇವೆರಡೂ ಭಾಷೆಯವರಲ್ಲ. 1702ರ ಸುಮಾರಿಗೆ ದೇವಗಡದ ಗೊಂಡ ರಾಜ ಬಖ್ತ್ ಬುಲಂದ್ ಶಾಹ ಇಲ್ಲಿದ್ದ ಹಳ್ಳಿಗಳನ್ನ ಸೇರಿಸಿ ನಾಗಪುರ ಕಟ್ಟಿದ. ಗೊಂಡರ ಮಾತು ಗೊಂಡಿ, ಅದು ನಮ್ಮ ಕನ್ನಡದ ದಾಯಾದಿ. ಅವರು ಎಣಿಸೋದನ್ನ ಕೇಳಿ: ಉಂದಿ, ರಂಡ್, ಮುಂಡ್, ನಾಲುಂಗ್. ಕನ್ನಡದ ಮಗುವಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಗೊಂಡರ ನಂತರ ಭೋಂಸ್ಲೆಗಳು ಬಂದ್ರು, ದರ್ಬಾರಿಗೆ ಮರಾಠಿ ಬಂತು. 1850ರ ದಶಕದಲ್ಲಿ ಬ್ರಿಟಿಷರು ರಾಜ್ಯವನ್ನ ವಶಪಡಿಸಿಕೊಂಡ್ರು. 1861ರಲ್ಲಿ ಸೆಂಟ್ರಲ್ ಪ್ರಾವಿನ್ಸಸ್ ಅನ್ನೋ ಪ್ರಾಂತ ಆಯ್ತು, ನಾಗಪುರ ಅದರ ರಾಜಧಾನಿ. ಪ್ರಾಂತದ ಉತ್ತರದಲ್ಲಿ ಹಿಂದಿ, ದಕ್ಷಿಣದಲ್ಲಿ ಮರಾಠಿ. ಕಚೇರಿಗೂ ಶಾಲೆಗೂ ಹೋಗಿ ಕೂತಿದ್ದು ಇವೆರಡು. ಗೊಂಡಿ ಕಾಡಿನಲ್ಲಿ, ಮನೆಯಲ್ಲಿ ಉಳೀತು.

2011ರ ಜನಗಣತಿಯಲ್ಲಿ ಗೊಂಡಿ ನಮ್ಮ ಮಾತು ಅಂದವರು ಸುಮಾರು 30 ಲಕ್ಷ ಜನ. ಇಷ್ಟು ಜನ ಇದ್ರೂ ಅವರ ಮಕ್ಕಳು ಓದೋದು ಮರಾಠಿಯಲ್ಲೋ ಹಿಂದಿಯಲ್ಲೋ ತೆಲುಗಿನಲ್ಲೋ. ಬೇರೆ ಬೇರೆ ರಾಜ್ಯಗಳ ಗೊಂಡರಿಗೆ ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯದ ಸ್ಥಿತಿ. ಅದನ್ನ ಸರಿಮಾಡೋಕೆ ಒಂದು ಸಮಾನ ನಿಘಂಟು ಬೇಕು ಅಂತ ಅವರು ಸೇರಿದ್ದು ಎಲ್ಲಿ ಗೊತ್ತಾ? ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ. ಇತ್ತ ಗಡಚಿರೋಲಿ ಜಿಲ್ಲೆಯ ಮೋಹಗಾಂವ್‌ನಲ್ಲಿ ಗ್ರಾಮಸಭೆಯೇ ನಿಂತು ಗೊಂಡಿಯಲ್ಲಿ ಪಾಠ ಹೇಳೋ ಶಾಲೆ ಶುರುಮಾಡಿದೆ. ಊರು ಕಟ್ಟಿದ ಜನ ಮುನ್ನೂರು ವರ್ಷದ ಮೇಲೆ ತಮ್ಮ ಮಾತಿಗೆ ಬೆಂಚು ಹುಡುಕ್ತಿದ್ದಾರೆ.

ನಮಗಿಂತ ಮುಂಚೆ ಬಂದ ಕನ್ನಡ

ಕನ್ನಡದವರು ಈ ಕಡೆಗೆ ಹೊಸಬರು ಅಂತ ನಾನೂ ಅಂದುಕೊಂಡಿದ್ದೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಒಂದು ತಾಮ್ರಪಟ, 940ನೇ ಇಸವಿಯದು, ಸಿಕ್ಕಿರೋದು ಪಕ್ಕದ ವರ್ಧಾ ಜಿಲ್ಲೆಯ ದೇವಳಿಯಲ್ಲಿ. ಅದರ ಭಾಷೆ ಸಂಸ್ಕೃತ. ಆದ್ರೆ ಇನ್ನೂ ಉತ್ತರಕ್ಕೆ, ಮಧ್ಯಪ್ರದೇಶದ ಮೈಹರ್ ಹತ್ತಿರದ ಜೂರಾದಲ್ಲಿ ಅದೇ ಕೃಷ್ಣನನ್ನ ಹೊಗಳೋ ಶಾಸನ ಇದೆ, ಅದು ಕನ್ನಡದಲ್ಲಿದೆ. ರಾಜ ಬಂದ, ಶಾಸನ ಕೆತ್ತಿಸಿದ, ಹೋದ. ಕಲ್ಲು ಉಳೀತು, ಓದೋರು ಉಳಿಯಲಿಲ್ಲ.

ಇದಕ್ಕಿಂತ ನನ್ನನ್ನ ಕಾಡಿದ್ದು ಇನ್ನೊಂದು ದಾಖಲೆ. ಗ್ರಿಯರ್ಸನ್ ಮಾಡಿದ ಭಾರತದ ಭಾಷಾ ಸಮೀಕ್ಷೆಯ ನಾಲ್ಕನೇ ಸಂಪುಟ 1906ರಲ್ಲಿ ಬಂತು. ಅದರಲ್ಲಿ ಕನ್ನಡದ ಉಪಭಾಷೆಗಳ ಪಟ್ಟಿಯಲ್ಲಿ ಗೋಲರಿ, ಹೊಲಿಯ ಅನ್ನೋ ಹೆಸರುಗಳಿವೆ. ಆಡೋರು ಎಲ್ಲಿಯವರು ಅಂದ್ರೆ ಬಾಲಾಘಾಟ್, ಸಿವನಿ, ಭಂಡಾರಾ, ಹೀಗೆ ನಾಗಪುರದ ಸುತ್ತಮುತ್ತಲಿನವರು. ದನ ಕಾಯ್ತಾ ಊರೂರು ಅಲೆಯೋ ಗೋಲರು, ಅವರ ಜೊತೆಗಿದ್ದ ಚರ್ಮದ ಕೆಲಸದ, ವಾದ್ಯ ಬಾರಿಸೋ ಹೊಲಿಯರು. ಸುತ್ತ ಹಿಂದಿ, ಮರಾಠಿ, ಗೊಂಡಿ. ಮನೆಯೊಳಗೆ ಒಂದು ಬಗೆಯ ಕನ್ನಡ.

ಯೋಚನೆ ಮಾಡಿ. ಶಾಲೆಯಿಲ್ಲ, ಲಿಪಿಯಿಲ್ಲ, ತವರಿನ ಜೊತೆ ಸಂಪರ್ಕ ಇಲ್ಲ. ಆದ್ರೂ ಮಾತು ತಲೆಮಾರುಗಟ್ಟಲೆ ಉಳೀತು. ಹೇಗೆ? ಒಟ್ಟಿಗಿದ್ರು, ಮದುವೆ ಅವರವರಲ್ಲೇ, ಅಲೆದಾಟವೂ ಒಟ್ಟಿಗೆ. ಮಗುವಿಗೆ ಆ ಮಾತಾಡೋಕೆ ಅಪ್ಪ ಅಮ್ಮ ಬಿಟ್ಟು ಇನ್ನೂ ಜನ ಇದ್ರು. ಆದ್ರೆ ಆ ಮಾತಿನಲ್ಲಿ ಒಂದು ಕಾಗದ ಬರೆಯೋ ದಾರಿ ಮಾತ್ರ ಅವರಿಗೆ ಸಿಗಲಿಲ್ಲ.

ಇದರಿಂದ ನಾನು ಕಲಿತಿದ್ದು ಎರಡು ವಿಷಯ. ಮಾತು ಉಳಿಯೋಕೆ ಜೊತೆಗಾರರು ಬೇಕು, ಅಕ್ಷರ ಉಳಿಯೋಕೆ ಪಾಠ ಬೇಕು. ಇವೆರಡೂ ಬೇರೆ ಬೇರೆ. ನಮ್ಮಂಥ ಅಪಾರ್ಟ್‌ಮೆಂಟ್ ಕುಟುಂಬಕ್ಕೆ ಗೋಲರಿಗಿದ್ದ ಜೊತೆಯೂ ಇಲ್ಲ, ಶಾಲೆಯಲ್ಲಿ ಪಾಠವೂ ಇಲ್ಲ. 'ಮನೆಯಲ್ಲಿ ಮಾತಾಡ್ತೀವಲ್ಲ' ಅನ್ನೋ ನನ್ನ ಧೈರ್ಯ ಎಷ್ಟು ತೆಳುವಾಗಿತ್ತು ಅಂತ ಗೊತ್ತಾಗಿದ್ದು ಇಲ್ಲಿ.

ಧಾರವಾಡದ ಮರಾಠಿ ಶಾಲೆ, ಸಂಬಲ್ಪುರದ ಹಿಂದಿ ಕಚೇರಿ

ನಾವು ಊರು ಬಿಟ್ಟು ಬಂದಿದ್ದಕ್ಕೆ ಈ ಪ್ರಶ್ನೆ ಎದ್ದಿದೆ ಅಂತೀವಿ. ಊರಲ್ಲೇ ಇದ್ದವರಿಗೂ ಎದ್ದಿತ್ತು. ಪೇಶ್ವೆಗಳ ಕೈಯಿಂದ ಬ್ರಿಟಿಷರ ಕೈಗೆ ಬಂದು ಮುಂಬೈ ಪ್ರಾಂತಕ್ಕೆ ಸೇರಿದ ಧಾರವಾಡ ಸೀಮೆಯಲ್ಲಿ ಶಾಲೆ, ಕಚೇರಿ ಎರಡರಲ್ಲೂ ಮರಾಠಿಯದೇ ಜೋರು. ನಮ್ಮ ಮುತ್ತಜ್ಜನ ಕಾಲದ ಲೆಕ್ಕದ ಪುಸ್ತಕ ಮನೆಯಲ್ಲಿದೆ, ಮೋಡಿ ಲಿಪಿ. ಮನೆಯಲ್ಲಿ ಯಾರಿಗೂ ಓದೋಕೆ ಬರಲ್ಲ. 19ನೇ ಶತಮಾನದ ನಡುವಿನಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ, ಜನರನ್ನ ಒಪ್ಪಿಸಿ ಕನ್ನಡ ಶಾಲೆಗಳನ್ನ ತೆರೆಸಿದ್ರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅವರೆಲ್ಲ ಆ ಕೆಲಸ ಮಾಡದೇ ಇದ್ದಿದ್ರೆ ನಮ್ಮಪ್ಪನಿಗೂ ಕನ್ನಡ ಅಕ್ಷರ ಇಷ್ಟು ಸಲೀಸಾಗಿ ಸಿಗ್ತಿತ್ತೋ ಇಲ್ಲವೋ.

ಅತ್ತ ಸಂಬಲ್ಪುರ ನೋಡಿ. ಒಡಿಯಾ ಆಡೋ ಜಿಲ್ಲೆ, ಆಗ ನಾಗಪುರದಿಂದ ಆಳ್ತಿದ್ದ ಪ್ರಾಂತಕ್ಕೆ ಸೇರಿತ್ತು. 1895ರಲ್ಲಿ ಅಲ್ಲಿಯ ಕಚೇರಿಗಳಿಂದ ಒಡಿಯಾ ತೆಗೆದು ಹಿಂದಿ ಹಾಕೋ ಆದೇಶ ಆಯ್ತು. ಆಡಳಿತಕ್ಕೆ ಅನುಕೂಲ ಅನ್ನೋ ಲೆಕ್ಕ. ಜನ ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಒಡಿಯಾ ವಾಪಸ್ ಬಂತು, 1905ರಲ್ಲಿ ಆ ಜಿಲ್ಲೆ ನಾಗಪುರದ ಕೈತಪ್ಪಿ ಉಳಿದ ಒಡಿಯಾ ಜಿಲ್ಲೆಗಳ ಜೊತೆ ಸೇರಿತು.

ಧಾರವಾಡದವರೂ ಸಂಬಲ್ಪುರದವರೂ ಗೆದ್ದಿದ್ದು ಯಾಕೆ? ಅವರು ತಮ್ಮ ನೆಲದಲ್ಲಿ ಬಹುಮತದಲ್ಲಿದ್ರು. ನಾನು ನಾಗಪುರದಲ್ಲಿ ಬಹುಮತ ಅಲ್ಲ. ಇಲ್ಲಿ ಅವರ ದಾರಿ ನನ್ನ ದಾರಿ ಆಗೋಕೆ ಸಾಧ್ಯವಿಲ್ಲ, ಆಗಬಾರದು ಕೂಡ.

ರಾಜ್ಯೋತ್ಸವದ ದಿನ ನಾಗಪುರದಲ್ಲಿ ಏನಾಯ್ತು?

ಮಕ್ಕಳು ತಾಯ್ನುಡಿಯಲ್ಲೇ ಓದಬೇಕು ಅನ್ನೋ ದೊಡ್ಡ ಮಾತು ಹೊರಬಿದ್ದ ಜಾಗವೂ ಇಲ್ಲಿಗೆ ಹತ್ತಿರ. 1937ರ ಅಕ್ಟೋಬರ್‌ನಲ್ಲಿ ವರ್ಧಾದಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೀತು. ಏಳು ವರ್ಷ ಉಚಿತ, ಕಡ್ಡಾಯ ಶಿಕ್ಷಣ, ಅದೂ ತಾಯ್ನುಡಿಯಲ್ಲಿ ಅಂತ ನಿರ್ಣಯ. ಅದನ್ನ ಬಿಡಿಸಿ ಬರೆಯೋಕೆ ಝಾಕಿರ್ ಹುಸೇನರ ಸಮಿತಿ. ಒಂದು ಹಳ್ಳಿ, ಅದಕ್ಕೊಂದು ಭಾಷೆ ಅಂತಿದ್ರೆ ಇದು ಸುಲಭ. ಊರು ಬದಲಾಯಿಸಿದ ಮನೆಗೆ?

ಇದಕ್ಕೂ ಒಂದು ಲೆಕ್ಕ ಹಾಕಿದ್ರು. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಪ್ಪಿದ ಸೂತ್ರ ಹೀಗಿತ್ತು: ಒಂದು ಶಾಲೆಯಲ್ಲಿ ಬೇರೆ ತಾಯ್ನುಡಿಯ ಮಕ್ಕಳು 40 ಇದ್ರೆ, ಅಥವಾ ಒಂದು ತರಗತಿಯಲ್ಲಿ 10 ಇದ್ರೆ, ಆ ಭಾಷೆಯಲ್ಲಿ ಕಲಿಸೋಕೆ ಕನಿಷ್ಠ ಒಬ್ಬ ಮೇಷ್ಟ್ರನ್ನ ಕೊಡಬೇಕು.

ಆಮೇಲೆ ಬಂತು 1956ರ ನವೆಂಬರ್ 1. ನಮಗೆ ಅದು ರಾಜ್ಯೋತ್ಸವ. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದ ದಿನ. ಅದೇ ದಿನ ನಾಗಪುರ ರಾಜಧಾನಿ ಪಟ್ಟ ಕಳ್ಕೊಂಡಿತು. ಅಲ್ಲಿಯವರೆಗೆ ಮಧ್ಯಪ್ರದೇಶದ ರಾಜಧಾನಿ ಆಗಿದ್ದ ಊರು ಮರಾಠಿ ಜಿಲ್ಲೆಗಳ ಜೊತೆ ಮುಂಬೈ ರಾಜ್ಯಕ್ಕೆ ಸೇರಿತು. ರಾಜಧಾನಿ ಭೋಪಾಲಕ್ಕೆ, ಹೈಕೋರ್ಟು ಜಬಲ್ಪುರಕ್ಕೆ ಹೋಯ್ತು. ಸರ್ಕಾರಿ ನೌಕರರನ್ನ ಎರಡೂ ರಾಜ್ಯಗಳಿಗೆ ಹಂಚಿದ್ರು. ಇಲ್ಲಿಂದ ಪೆಟ್ಟಿಗೆ ಕಟ್ಟಿ ಭೋಪಾಲಕ್ಕೆ ಹೊರಟ ಗುಮಾಸ್ತರಿಗೂ ನಮ್ಮದೇ ಪ್ರಶ್ನೆ ಎದುರಾಗಿರಬೇಕು: ಹುಡುಗನ್ನ ಯಾವ ಶಾಲೆಗೆ ಹಾಕೋದು? ನಮಗೆ ಟ್ರಾನ್ಸ್‌ಫರ್ ಆರ್ಡರ್ ಕಂಪನಿಯಿಂದ ಬರುತ್ತೆ, ಅವರಿಗೆ ಭೂಪಟದಿಂದ ಬಂತು.

ಇದು ಗೊತ್ತಿದ್ದೇ ಆ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿಸಿದ್ರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸೋ ಸೌಲಭ್ಯ ಕೊಡೋಕೆ ರಾಜ್ಯಗಳು ಪ್ರಯತ್ನ ಮಾಡಬೇಕು ಅನ್ನೋದು ಅದರ ತಿರುಳು. ಒಳ್ಳೆ ವಿಧಿ. ಆದ್ರೆ ಅದರ ಹಿಂದೆ ಕೂತಿರೋದು ಹತ್ತು ಮಕ್ಕಳ ಲೆಕ್ಕ. ಮಕ್ಕಳು ಒಟ್ಟಿಗೆ ಇದ್ದ ಕಡೆ ಅದು ಕೆಲಸ ಮಾಡುತ್ತೆ. ಜತ್, ಅಕ್ಕಲಕೋಟೆ ತಾಲೂಕುಗಳಲ್ಲಿ ಕನ್ನಡ ಶಾಲೆಗಳಿವೆ. ಮುಂಬೈ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತೆ, ಅದರಲ್ಲಿ ಕನ್ನಡವೂ ಒಂದು. ನಮ್ಮ ಸೊಸೈಟಿಯಲ್ಲಿ ಕನ್ನಡದ ಮಕ್ಕಳು ಏಳು. ಏಳೂ ಬೇರೆ ಬೇರೆ ವಯಸ್ಸು, ನಾಲ್ಕು ಬೇರೆ ಬೇರೆ ಶಾಲೆ. ಯಾವ ತರಗತಿಯಲ್ಲೂ ನಾವು ಹತ್ತು ಆಗಲ್ಲ. ಐಟಿ ವಲಸೆಯ ಗುಣವೇ ಇದು: ಊರಿಗೆ ಸಾವಿರ ಜನ ಬಂದ್ರೂ ಒಂದು ತರಗತಿಗೆ ಒಬ್ಬರು.

ಹಾಗಾದ್ರೆ ಹಿಂದಿನಾ, ಮರಾಠಿನಾ?

ಇಲ್ಲಿಗೆ ಬರೋರು ನನ್ನನ್ನ ಮೊದಲು ಕೇಳೋದು ಇದನ್ನೇ. ಹಿಂದಿ ತಗೊಂಡ್ರೆ ನಾಳೆ ಪುಣೆಗೋ ನೋಯ್ಡಾಗೋ ಹೋದ್ರೂ ನಡೆಯುತ್ತೆ, ಮರಾಠಿ ಯಾಕೆ ಹೊರೆ ಅಂತ. ಕಾನೂನು ಮೊದಲು ನೋಡಿ. 2020ರ ಕಾಯ್ದೆ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ, ಯಾವ ಬೋರ್ಡ್ ಆದ್ರೂ, ಮರಾಠಿ ಕಲಿಸಬೇಕು. ಇದಕ್ಕೂ ಮುಂಚೆ, 2004ರಲ್ಲೇ, ಗುಜರಾತಿ ಅಲ್ಪಸಂಖ್ಯಾತ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಜ್ಯದ ಭಾಷೆಯನ್ನ ಕಡ್ಡಾಯವಾಗಿ ಕಲಿಸೋದು ತಪ್ಪಲ್ಲ ಅಂದಿತ್ತು. ನಮ್ಮಲ್ಲೂ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಇದೆ. ಬೆಂಗಳೂರಲ್ಲಿದ್ದಾಗ ಬಂದವರು ಕನ್ನಡ ಕಲೀಲಿ ಅಂದ ನಾವು, ಇಲ್ಲಿ ಬಂದು ಮರಾಠಿ ಯಾಕೆ ಅಂತ ಕೇಳೋದು ನ್ಯಾಯ ಅಲ್ಲ.

ಹಿಂದಿ ವಿಷಯ ಇಲ್ಲೂ ಬಿಸಿ ಇದೆ. 2025ರ ಏಪ್ರಿಲ್‌ನಲ್ಲಿ ಒಂದನೇ ತರಗತಿಯಿಂದಲೇ ಹಿಂದಿ ಮೂರನೇ ಭಾಷೆ ಅಂತ ಆದೇಶ ಆಯ್ತು, ವಿರೋಧ ಎದ್ದು ಜೂನ್ ಕೊನೆಗೆ ಸರ್ಕಾರ ಅದನ್ನ ವಾಪಸ್ ತಗೊಂಡಿತು. ನನ್ನ ಅನುಭವ ಹೇಳ್ತೀನಿ. ನಾಗಪುರದಲ್ಲಿ ಹಿಂದಿ ಕಲಿಸೋಕೆ ಫೀಸ್ ಕೊಡಬೇಕಾಗಿಲ್ಲ, ಲಿಫ್ಟಿನಲ್ಲೇ ಬರುತ್ತೆ. ಬಂದ ಆರೇ ತಿಂಗಳಿಗೆ ನಮ್ಮ ಮಗಳು ಫೋನಲ್ಲಿ ಅಜ್ಜನಿಗೆ 'ಕಾಯ್ಕೂ ಬೇ' ಅಂದಳು. ನನಗೆ ಎದೆ ಧಸಕ್ಕೆಂದಿತು, ಅಜ್ಜ ಹೊಟ್ಟೆ ಹಿಡ್ಕೊಂಡು ನಕ್ರು. ಇಲ್ಲಿಯ ಹುಡುಗರ ಬಾಯಲ್ಲಿ 'ಬೇ' ಇಲ್ಲದ ವಾಕ್ಯ ಮುಗಿಯಲ್ಲ. ಆದ್ರೆ ಮರಾಠಿ ಹಾಗೆ ತಾನಾಗಿ ಬರಲ್ಲ, ಕೂತು ಕಲಿಯಬೇಕು. ಅದು ಬಂದ್ರೆ ಪಕ್ಕದ ಮನೆ ಅಜ್ಜಿಯ ಅಡುಗೆಮನೆವರೆಗೂ ಮಗು ಹೋಗುತ್ತೆ. ಲಿಪಿ ಎರಡಕ್ಕೂ ಒಂದೇ. ಅದಕ್ಕೇ ನನ್ನ ಸಲಹೆ: ಮರಾಠಿಯನ್ನ ಮನಸಿಟ್ಟು ಓದಿಸಿ, ಹಿಂದಿ ಹಿಂದೆಯೇ ಬರುತ್ತೆ.

ಮರಾಠಿ ಓದಿದ್ರೆ ಕನ್ನಡ ಹೋಗುತ್ತಾ? ಹೋಗೋ ಹಾಗಿದ್ರೆ ಬೇಂದ್ರೆಯವರು ಹೇಗೆ? ಮನೆಮಾತು ಮರಾಠಿ, ಊರು ಕನ್ನಡ, ಬರೆದಿದ್ದು ಕನ್ನಡದಲ್ಲಿ. ಮರಾಠಿಯಲ್ಲೂ ಬರೆದ್ರು. ಮಾಸ್ತಿಯವರ ಮನೆಮಾತು ತಮಿಳು. ಬೇರೆ ಮನೆಮಾತಿನ ಮಕ್ಕಳು ಊರಿನ ಭಾಷೆ ಕಲಿತಿದ್ದರಿಂದ ಕನ್ನಡಕ್ಕೇ ದೊಡ್ಡ ಲಾಭ ಆಗಿದೆ. ಹಾಗಂತ ಬೇಂದ್ರೆಯವರು ಮನೆಮಾತು ಮರೆಯಲಿಲ್ಲ. ಕಷ್ಟ ಇರೋದು ಅಲ್ಲಿ, ಅದನ್ನ ಶಾಲೆ ಮಾಡಿಕೊಡಲ್ಲ.

ಮುಂಬೈಗೆ ಹೋದ ತುಳುನಾಡಿನವರ ಕಥೆ ಇನ್ನೂ ಸ್ವಾರಸ್ಯ. ಹಗಲು ಹೋಟೆಲ್ಲಿನಲ್ಲಿ ಕೆಲಸ, ರಾತ್ರಿ ಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ರಾತ್ರಿಶಾಲೆ ನಡೆಸಿದ್ವು. ಆ ಹುಡುಗರ ಮನೆಮಾತು ತುಳು, ಕಲಿತಿದ್ದು ಕನ್ನಡ. ಸರ್ಕಾರ ಹತ್ತು ತಲೆ ಎಣಿಸಲಿ ಅಂತ ಅವರು ಕಾಯಲಿಲ್ಲ. ತಾವೇ ಎಣಿಸಿ, ತಾವೇ ಬಾಡಿಗೆ ಕಟ್ಟಿ, ಮೇಷ್ಟ್ರನ್ನ ತಂದ್ರು. ಅವರ ಬಳಿ ಇದ್ದಿದ್ದು ನಮಗಿಂತ ಕಡಿಮೆ ದುಡ್ಡು, ಕಡಿಮೆ ಬಿಡುವು.

ನಾವು ಮಾಡ್ತಿರೋದು

2014ರಲ್ಲಿ, ಕರ್ನಾಟಕದ್ದೇ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು: ಮಗುವಿನ ತಾಯ್ನುಡಿ ಯಾವುದು, ಯಾವ ಮಾಧ್ಯಮದಲ್ಲಿ ಓದಬೇಕು ಅನ್ನೋದು ಪೋಷಕರ ಆಯ್ಕೆ, ಸರ್ಕಾರ ಹೇರುವಂತಿಲ್ಲ. ಆ ತೀರ್ಪು ಸರಿನಾ ತಪ್ಪಾ ಅನ್ನೋ ಚರ್ಚೆ ಇನ್ನೊಂದು ದಿನ ಮಾಡೋಣ. ನನಗೆ ತಟ್ಟಿದ್ದು ಇದು: ಆಯ್ಕೆ ನಮ್ಮದು ಅಂದ ಮೇಲೆ ಕೆಲಸವೂ ನಮ್ಮದೇ.

ಬಹಳ ಜನಕ್ಕೆ ಗೊತ್ತಿರದ ಒಂದು ವಿಷಯ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ತನ್ನ ರಾಜ್ಯದ ಕನ್ನಡ ಶಾಲೆಗಳಿಗಾಗಿ ಕನ್ನಡದಲ್ಲೇ ಪುಸ್ತಕ ಅಚ್ಚು ಹಾಕುತ್ತೆ. ನಾವಿರೋ ರಾಜ್ಯದ್ದೇ ಕನ್ನಡ ಪುಸ್ತಕ. ಅವರ ಜಾಲತಾಣದಲ್ಲೂ ಸಿಗುತ್ತೆ. ಒಂದನೇ ತರಗತಿಯದನ್ನ ಏಳು ಪ್ರತಿ ಪ್ರಿಂಟ್ ತೆಗೆಸಿದ್ವಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕ್ಲಬ್‌ಹೌಸ್‌ನಲ್ಲಿ ಒಂದು ಗಂಟೆ. ಹನ್ನೊಂದು ವರ್ಷದ ಹುಡುಗನೂ ಆರು ವರ್ಷದ ಹುಡುಗಿಯೂ ಒಂದೇ ಸಾಲು ಓದ್ತಾರೆ. ಮೊದಲ ತಿಂಗಳು ಚೆನ್ನಾಗಿತ್ತು. ಪರೀಕ್ಷೆ ಬಂದಾಗ ಮೂರೇ ಮಕ್ಕಳು. ಒಂದು ಕುಟುಂಬ ಹೈದರಾಬಾದಿಗೆ ಹೋಯ್ತು, ಏಳು ಆರಾಯ್ತು. ಈ ಬೇಸಿಗೆಯಲ್ಲಿ ಕಲಬುರಗಿಯಿಂದ ಒಬ್ಬರು ಎರಡು ಮಕ್ಕಳ ಜೊತೆ ಬಂದ್ರು, ಎಂಟಾಯ್ತು. ಇನ್ನೂ ಹತ್ತಾಗಿಲ್ಲ.

ನೀವೂ ಹೊಸ ಊರಿನಲ್ಲಿದ್ರೆ ಶಾಲೆಯ ಅರ್ಜಿಯಲ್ಲಿ ಕನ್ನಡ ಹುಡುಕಬೇಡಿ, ಸಿಗಲ್ಲ. ಆ ಊರಿನ ಭಾಷೆಯನ್ನ ಗೌರವದಿಂದ ತುಂಬಿ. ಆಮೇಲೆ ಸೊಸೈಟಿಯಲ್ಲಿ ಮಕ್ಕಳನ್ನ ಎಣಿಸಿ. ನಿಮ್ಮಲ್ಲಿ ಎಷ್ಟು ಆಯ್ತು ಅಂತ ನಮಗೂ ಬರೀರಿ.

ಕೊನೆಗೆ ನಮ್ಮಪ್ಪನ ವಿಷಯ. ಈಗ ಅವರು ಪ್ರತಿ ಮೆಸೇಜನ್ನ ಎರಡು ಸಲ ಬರೀತಾರೆ. ಮೇಲೆ ಕನ್ನಡ ಅಕ್ಷರ, ಕೆಳಗೆ ಅದೇ ಸಾಲು ದೇವನಾಗರಿಯಲ್ಲಿ. ಮಗಳು ಮೇಲಿನದನ್ನ ಬೆರಳಿಟ್ಟು ಓದ್ತಾಳೆ. ಒತ್ತಕ್ಷರ ಬಂದಾಗ ಕಣ್ಣು ಕೆಳಗಿನ ಸಾಲಿಗೆ ಜಾರುತ್ತೆ. ಕೆಳಗಿನದನ್ನ ಯಾವಾಗ ನಿಲ್ಲಿಸ್ಲಿ ಅಂತ ಅಪ್ಪ ಕೇಳಿದಾರೆ. ನಾನಿನ್ನೂ ಹೇಳಿಲ್ಲ.